ಸೊಪ್ಪಿನ ಮಡಿಯ ಮೇಲೆ ಬಿಸಿಲಿನ ಚಪ್ಪರ

ಪಾವಗಡ ಎಂದೊಡನೆ ನಿಮಗೆ ನೆನಪಾಗುವುದು ಶನಿಮಹಾತ್ಮನ ಗುಡಿ ತಾನೆ? ನನಗೂ ಹಾಗೇ ಇತ್ತು, ನಮ್ಮಕ್ಕನನ್ನು ಆ ಸೀಮೆಗೆ ಕೊಡುವವರೆಗೆ. ತುಮಕೂರಿನಲ್ಲಿ ಬಸ್ಸು ಹತ್ತಿ, ಮಧುಗಿರಿಯ ಏಕಶಿಲಾ ಬೆಟ್ಟ ದಾಟಿದಿರೋ, ಗಾಳಿಯೇ ಬೇರೆ. ನಕ್ಷೆಯಲ್ಲಿ ನೋಡಿ, ಕರ್ನಾಟಕದ ಸೆರಗು ಆಂಧ್ರದೊಳಗೆ ಜಾರಿಬಿದ್ದ ಹಾಗೆ ಕಾಣುತ್ತದೆ ಈ ತಾಲ್ಲೂಕು. ಬಸ್ಸಿನೊಳಗೆ ಅರ್ಧ ಮಾತು ಕನ್ನಡ, ಅರ್ಧ ತೆಲುಗು.

ಮಳೆ ಇಲ್ಲಿಗೆ ದೂರದ ನೆಂಟರಿದ್ದಂತೆ, ಬಂದರೆ ಬಂತು. ಬಿಸಿಲಿಗೆ ಮಾತ್ರ ಬರವಿಲ್ಲ. ಆ ಬಿಸಿಲನ್ನೇ ನೆಚ್ಚಿಕೊಂಡು ತಿರುಮಣಿ, ವಳ್ಳೂರು ಮುಂತಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ. 2018ರಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ 2,050 ಮೆಗಾವಾಟ್. ರೈತರ ಜಮೀನನ್ನು ಕೊಂಡುಕೊಂಡಿಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಜಮೀನಿದ್ದವರಿಗೆ ಬಾಡಿಗೆ ಬಂತು. ಜಮೀನಿಲ್ಲದೆ ಕಳೆ ಕೀಳಲು, ಕಡಲೆಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಕೂಲಿ ತಪ್ಪಿತು, ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಅಲ್ಲಿ ಹೋದವರು ಎರಡನ್ನೂ ನೋಡಿ ಬರಬೇಕು.

ಅಕ್ಕನ ಊರು ಈ ಪಾರ್ಕಿನ ಹೊರಗಿದೆ. ಐದೆಕರೆ ಹೊಲ, ಒಂದು ಬೋರ್‌ವೆಲ್, ಎರಡು ಹಸು. ನಾನು ಹೇಳಹೊರಟಿದ್ದು ಇವರ ಮನೆಯ ಹಿಂದೆ ಹಾಕಿಸಿದ ಹದಿನಾಲ್ಕು ಸೋಲಾರ್ ಪ್ಯಾನಲ್ಲಿನ ಕತೆ.

ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ಸ್ವಲ್ಪ ಹಗಲು, ಸ್ವಲ್ಪ ರಾತ್ರಿ. ರಾತ್ರಿ ಎರಡಕ್ಕೆ ಭಾವ ಟಾರ್ಚ್ ಹಿಡಿದು ಹೊರಟರೆ, ಅವರು ವಾಪಸು ಬರೋವರೆಗೂ ಅಕ್ಕ ಜಗಲಿಯಲ್ಲಿ ಕೂತಿರೋಳು. ಒಂದು ಸಲ ನೀರು ತಿರುಗಿಸುವಾಗ ಅವರ ಕಾಲಿಂದ ಗೇಣು ದೂರದಲ್ಲಿ ಕೊಳಕುಮಂಡಲ ಬುಸುಗುಟ್ಟಿತಂತೆ. ಅವತ್ತು ಬೆಳಿಗ್ಗೆಯೇ ಅಕ್ಕ, “ರೀ, ಆ ಸೋಲಾರ್ ಮೋಟಾರಿಗೆ ಅರ್ಜಿ ಹಾಕ್ತೀರೋ, ನಾನು ತೌರಿಗೆ ಹೋಗ್ಲೋ?” ಅಂದಳು. 2019ರಲ್ಲಿ ಶುರುವಾದ ಪಿಎಂ ಕುಸುಮ್ ಯೋಜನೆಯಲ್ಲಿ ಅರ್ಜಿ ಹಾಕಿದರು. ಕೇಂದ್ರದ್ದು ನೂರಕ್ಕೆ 30, ರಾಜ್ಯದ್ದು 50, ಉಳಿದದ್ದು ಭಾವನ ಕೈಯಿಂದ. ಕಾದದ್ದು ಎಷ್ಟು ದಿನ ಅಂತ ಕೇಳಬೇಡಿ.

ಸಂಕ್ರಾಂತಿಗೆ ನಾನು ಹೋದಾಗಲೇ ಜಾಗ ಅಳೆಯೋಕೆ ಒಬ್ಬ ಹುಡುಗ ಬಂದಿದ್ದ. ಪ್ಯಾನಲ್ಲಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ನೆರಳು ಬೀಳಬಾರದು, ಒಂದು ಕೊಂಬೆಯ ನೆರಳು ಒಂದೇ ಪ್ಯಾನಲ್ಲಿನ ಮೇಲೆ ಬಿದ್ದರೂ ಇಡೀ ಸಾಲಿನ ಕರೆಂಟು ಕುಗ್ಗುತ್ತದಂತೆ. ದಕ್ಷಿಣಕ್ಕೆ ಮುಖ ಮಾಡಿರಬೇಕು. ಬೋರ್‌ವೆಲ್ಲಿಗೆ ಹತ್ತಿರ ಇರಬೇಕು, ವೈರು ಉದ್ದವಾದಷ್ಟೂ ನಷ್ಟ. ಬೋರ್‌ವೆಲ್ಲಿನ ಒಂದು ಪಕ್ಕ ಅತ್ತೆಯವರ ಹುಣಸೆಮರ. ಇನ್ನೊಂದು ಪಕ್ಕ, ಬಚ್ಚಲ ನೀರು ಹರಿಯುವ ಕಡೆ, ಅಕ್ಕನ ಸೊಪ್ಪಿನ ಮಡಿ.

“ಮರ ಕಡೀಬೇಕು, ಇಲ್ಲಾ ಈ ಮಡಿ ಬಿಡ್ಬೇಕು,” ಅಂದ ಹುಡುಗ. ಅತ್ತೆ ಮರಕ್ಕೆ ಬೆನ್ನು ಕೊಟ್ಟು ಕೂತೇಬಿಟ್ಟರು. ಎಲ್ಲರೂ ಅಕ್ಕನ ಮುಖ ನೋಡಿದರು. ನಾಲ್ಕು ಮಡಿ ಸೊಪ್ಪು ತಾನೆ, ಬೇರೆ ಕಡೆ ಹಾಕ್ಕೊಂಡರಾಯ್ತು ಅನ್ನೋ ನೋಟ! ನಿಮಗೆ ಗೊತ್ತಲ್ಲ, ಮನೆಯಲ್ಲಿ ಏನಾದರೂ ಬಿಡಬೇಕಾದಾಗ ಮೊದಲು ಯಾರ ವಸ್ತು ಕಣ್ಣಿಗೆ ಬೀಳುತ್ತದೆ ಅಂತ. ಶನಿವಾರ ಪಾವಗಡಕ್ಕೆ ಸೊಪ್ಪು ಕಳಿಸಿದರೆ ಅವಳ ಕೈಗೆ ಮುನ್ನೂರು ನಾನೂರು ಬರುತ್ತಿತ್ತು. ಯಾರಿಗೂ ಲೆಕ್ಕ ಹೇಳಬೇಕಾಗಿಲ್ಲದ ದುಡ್ಡು ಅದೊಂದೇ.

ಅಕ್ಕ ಜಗಳವಾಡಲಿಲ್ಲ. “ಅಲ್ಲಪ್ಪಾ, ಇದನ್ನ ನೆಲಕ್ಕೇ ಯಾಕೆ ಅಂಟಿಸ್ತೀಯ? ಚಪ್ಪರದ ಹಾಗೆ ಎತ್ತಿ ಹಾಕು. ಕೆಳಗೆ ನಾನು ತಲೆ ಬಗ್ಗಿಸದೆ ಓಡಾಡ್ಬೇಕು.”

“ಎತ್ತರ ಮಾಡಿದಷ್ಟೂ ಗಾಳಿ ಹಿಡಿಯುತ್ತೆ ಅಕ್ಕಾ. ಗುಂಡಿ ಆಳ ತೆಗೀಬೇಕು, ಕಬ್ಬಿಣ ದಪ್ಪ ಬೇಕು, ಸಿಮೆಂಟು ಜಾಸ್ತಿ. ಅದರ ದುಡ್ಡು ನೀವೇ ಹಾಕ್ಬೇಕಾಗುತ್ತೆ. ನಮ್ಮ ಮೇಲಿನವರನ್ನೂ ಕೇಳ್ಬೇಕು.”

“ಕೇಳಪ್ಪ. ಎಷ್ಟಾಗುತ್ತೆ ಅದನ್ನೂ ಕೇಳ್ಕೊಂಡು ಬಾ.”

ಹದಿನೆಂಟು ಸಾವಿರ ಆಯಿತು. ಹಾಲಿನ ದುಡ್ಡು ಕೂಡಿಟ್ಟಿದ್ದನ್ನು ಅಕ್ಕ ತಂದು ಭಾವನ ಮುಂದಿಟ್ಟಳು. ಹೊಸ ಬಳೆಗೆಂದು ಇಟ್ಟದ್ದು ಅದು. ಭಾವ ಮಾತಾಡಲಿಲ್ಲ, ಎಣಿಸಲೂ ಇಲ್ಲ.

ಯುಗಾದಿ ಕಳೆದ ಮೇಲೆ ಮತ್ತೆ ಹೋದೆ. ಏಳಡಿ ಎತ್ತರದ ಕಬ್ಬಿಣದ ಕಾಲುಗಳ ಮೇಲೆ ದಕ್ಷಿಣಕ್ಕೆ ಸ್ವಲ್ಪವೇ ವಾಲಿಕೊಂಡು ಸುಮಾರು 400 ಚದರ ಅಡಿಯಷ್ಟು ಕಪ್ಪುನೀಲಿ ಚಪ್ಪರ! ಪಕ್ಕದಲ್ಲಿ ಸಿಡಿಲು ತಡೆಯುವ ಕಂಬಿ, ಅರ್ತಿಂಗ್ ಗುಂಡಿ. ಕೆಳಗೆ ಕೊತ್ತಂಬರಿ, ಮೆಂತ್ಯ, ಪಾಲಕ್. ಏಪ್ರಿಲ್ ಬಿಸಿಲಲ್ಲಿ ಕೊತ್ತಂಬರಿ ಬೇಗ ಹೂಬಿಟ್ಟು ಕೆಟ್ಟುಹೋಗೋದು ನಿಮಗೂ ಅನುಭವವಿರಬಹುದು. ಇಲ್ಲಿ ನೆರಳಿಗೆ ಹಸಿರಾಗಿಯೇ ನಿಂತಿತ್ತು. ಎಲ್ಲವೂ ಗೆದ್ದಿತು ಅಂತಲ್ಲ. ಮೆಣಸಿನಗಿಡ, ಬದನೆ ಉದ್ದಕ್ಕೆ ಬೆಳೆದವು, ಕಾಯಿ ಮಾತ್ರ ನಾಲ್ಕೇ ನಾಲ್ಕು. ಬಿಸಿಲು ಬೇಡುವ ಗಿಡಗಳನ್ನು ಅಕ್ಕ ಅಂಚಿಗೆ ತಳ್ಳಿದ್ದಾಳೆ.

ಪ್ಯಾನಲ್ಲಿನ ಮೇಲೆ ಧೂಳು ಕೂತರೆ ನೀರು ಸಣ್ಣಗಾಗುತ್ತದೆ. ವಾರಕ್ಕೊಮ್ಮೆ ಬಿಸಿಲೇರುವ ಮೊದಲೇ ತೊಳೆಯುತ್ತಾರೆ. ಕಾದ ಗಾಜಿನ ಲೋಟಕ್ಕೆ ತಣ್ಣೀರು ಹುಯ್ದರೆ ಬಿರುಕು ಬಿಡುತ್ತಲ್ಲ, ಹಾಗೇ ಇದೂ, ಮಧ್ಯಾಹ್ನ ತೊಳೆಯಬಾರದು. ಆ ಊರಿನ ಗಡಸು ನೀರು ಒಣಗಿದರೆ ಸ್ಟೀಲ್ ಪಾತ್ರೆಯ ಮೇಲೆ ಬೀಳುವ ಬಿಳೀ ಕಲೆಯೇ ಇಲ್ಲೂ ಬೀಳುತ್ತದೆ. ಅದಕ್ಕೆ ಉದ್ದ ಕೋಲಿಗೆ ಹಳೇ ಪಂಚೆ ಸುತ್ತಿ ಒರೆಸಿಬಿಡುವುದು. ತೊಳೆದ ನೀರು ಸೊಪ್ಪಿಗೇ ಬೀಳುತ್ತದೆ. ಏಣಿ ಹತ್ತುವ ಕೆಲಸ ಮಗನದು. ಹಸು ಕಂಬಕ್ಕೆ ಮೈ ಉಜ್ಜದಂತೆ ಸುತ್ತ ಮುಳ್ಳು ಹಾಕಿದ್ದಾರೆ. ಕೋತಿಗಳಿಗೆ ಮಾತ್ರ ಇನ್ನೂ ಉಪಾಯ ಸಿಕ್ಕಿಲ್ಲ.

ಮೋಡ ಕವಿದ ದಿನ ನೀರು ಕಡಮೆ. ಅದಕ್ಕಿಂತ ದೊಡ್ಡ ಹೆದರಿಕೆ, ಬಿಸಿಲಿಗೆ ಬಿಲ್ಲಿಲ್ಲವೆಂದು ದಿನವಿಡೀ ಮೋಟಾರು ಓಡಿಸುವ ಆಸೆ. ಅಂತರ್ಜಲ ಮೊದಲೇ ಪಾತಾಳ ಸೇರಿದ ಸೀಮೆ ಇದು, ಬೋರು ಬತ್ತಿದರೆ ಚಪ್ಪರ ಬರೀ ಚಪ್ಪರವಾಗಿ ಉಳಿಯುತ್ತದೆ. ಭಾವ ಹನಿ ನೀರಾವರಿ ಹಾಕಿಸಿದ್ದಾರೆ. ಮಧ್ಯಾಹ್ನ ಮೂರಕ್ಕೆ ಮೋಟಾರು ನಿಲ್ಲಿಸುವ ಅಧಿಕಾರ ಅತ್ತೆಯವರದು. ಒಂದು ನಿಮಿಷ ತಡವಾದರೂ ಕೂಗು!

ಅವತ್ತು ರಾತ್ರಿ ಅದೇ ಸೊಪ್ಪಿನ ಬಸ್ಸಾರು. ಹೆಸರುಕಾಳಿನ ಜೊತೆ ಪಾಲಕ್, ಮೆಂತ್ಯ ಬೇಯಿಸಿ ಕಟ್ಟು ಬಸಿದು, ಕಾಯಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ರುಬ್ಬಿ ಹಾಕಿ, ಅತ್ತೆಯ ಮರದ್ದೇ ಹುಣಸೆಹಣ್ಣು ಹಿಂಡಿದಳು. ಬಸಿದ ಸೊಪ್ಪುಕಾಳು ಒಗ್ಗರಣೆ ಕೊಟ್ಟು ಪಲ್ಯ. ಬಿಸಿ ಮುದ್ದೆ. ಇನ್ನೇನು ಬೇಕು ಹೇಳಿ!

ಮಲಗಿದ್ದವಳಿಗೆ ನಡುರಾತ್ರಿ ಎಚ್ಚರವಾಯಿತು. ಗಂಟೆ ಎರಡು. ಭಾವ ಒಳಗೆ ಗೊರಕೆ ಹೊಡೆಯುತ್ತಿದ್ದರು. ಅಕ್ಕ ಜಗಲಿಯಲ್ಲಿ ಕೂತಿದ್ದಳು.

“ಯಾಕಕ್ಕಾ?” ಅಂದೆ.

“ಅಭ್ಯಾಸ ಕಣೇ, ತಾನಾಗೇ ಎಚ್ಚರ ಆಗುತ್ತೆ. ಹೋಗು, ಮಲಕ್ಕೋ ಹೋಗು. ಬೆಳಿಗ್ಗೆ ಬಸ್ಸಿಗೆ ಕೊತ್ತಂಬರಿ ಕಟ್ಟು ಕೊಡ್ತೀನಿ, ಮರೀಬೇಡ.”