ಲಿಟಲ್ ರಾಕ್‌ನ ಸರಕಾರಿ ಹೈಸ್ಕೂಲು

ನಮ್ಮಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಬೋರ್ಡು ಕಂಡರೆ ಡೊನೇಶನ್ ಎಷ್ಟೆಂದು ವಿಚಾರಿಸಿಯೇ ಒಳಗೆ ಕಾಲಿಡಬೇಕು. ಅಮೆರಿಕದಲ್ಲಿ ಅದಕ್ಕೆ ತದ್ವಿರುದ್ಧ ಅರ್ಥ. ಅದು ಫೀಸಿಲ್ಲದ ಸರಕಾರಿ ಶಾಲೆ. ನಾವಿಬ್ಬರೂ ಸರಕಾರಿ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಡಲ್ಲಾಸಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಬೇರೆ ಯಾವುದಕ್ಕೂ ಹಟ ಹಿಡಿಯಲಿಲ್ಲ, ಅರ್ಕಾನ್ಸಾಸ್ ರಾಜ್ಯದ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲನ್ನು ಮಾತ್ರ ನೋಡಲೇಬೇಕೆಂದೆವು. ಕಾರಿನಲ್ಲಿ ಸುಮಾರು ಐದು ಗಂಟೆಯ ದಾರಿ. ಒಂದು ಶಾಲೆ ನೋಡಲು ಇಷ್ಟು ದೂರವೇ ಎಂದು ಅಳಿಯ ನಕ್ಕರು. ಆದರೂ ಕರೆದುಕೊಂಡು ಹೋದರು.

ಅರಮನೆಯಂತಹ ಕಟ್ಟಡ. 1927ರಲ್ಲಿ 15 ಲಕ್ಷ ಡಾಲರ್ ಸುರಿದು ಕಟ್ಟಿದ್ದು. ಬಾಗಿಲ ಮೇಲೆ ನಾಲ್ಕು ಪ್ರತಿಮೆಗಳಿವೆ. ಅವುಗಳಲ್ಲಿ ಒಂದರ ಹೆಸರು ‘ಅವಕಾಶ’. ಆ ಅವಕಾಶ ಬಿಳಿಯ ಮಕ್ಕಳಿಗೆ ಮಾತ್ರ ಇತ್ತು. ಕಪ್ಪು ಮಕ್ಕಳಿಗಾಗಿ ಎರಡು ವರ್ಷದ ನಂತರ ಡನ್‌ಬಾರ್ ಹೈಸ್ಕೂಲನ್ನು ಕಟ್ಟಿದರು. ಅದಕ್ಕಾದ ಖರ್ಚು 4 ಲಕ್ಷ ಡಾಲರ್. ನಮ್ಮಿಬ್ಬರಲ್ಲಿ ಗಣಿತ ಕಲಿಸಿದವರು ಅಲ್ಲೇ ನಿಂತು ಭಾಗಾಕಾರ ಮಾಡತೊಡಗಿದರು.

ಬಣ್ಣದ ಆಧಾರದಲ್ಲಿ ಶಾಲೆ ಬೇರ್ಪಡಿಸುವುದು ಸಂವಿಧಾನ ವಿರೋಧಿ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪಿತ್ತಿತು. ಲಿಟಲ್ ರಾಕ್‌ನ ಆಡಳಿತ ಮಂಡಳಿ ಮೂರು ವರ್ಷ ಯೋಚಿಸಿ, ಜರಡಿ ಹಿಡಿದು, ಕೊನೆಗೆ ಒಂಬತ್ತು ಕಪ್ಪು ಮಕ್ಕಳನ್ನು ಸೆಂಟ್ರಲ್‌ಗೆ ಸೇರಿಸಿಕೊಳ್ಳಲು ಒಪ್ಪಿತು. ಆಗ ಶಾಲೆಯಲ್ಲಿದ್ದ ಬಿಳಿಯ ಮಕ್ಕಳ ಸಂಖ್ಯೆ ಸುಮಾರು 1,900. ಈ ಒಂಬತ್ತು ಮಂದಿಯನ್ನು ತಡೆಯಲು ಗವರ್ನರ್ ಓರ್ವಲ್ ಫಾಬಸ್ ಸಶಸ್ತ್ರ ಪಡೆಯನ್ನು ಗೇಟಿಗೆ ತಂದು ನಿಲ್ಲಿಸಿದ. 1957ರ ಸೆಪ್ಟೆಂಬರ್ 4ರಂದು ಒಂಬತ್ತೂ ಮಕ್ಕಳು ಜೊತೆಯಾಗಿ ಬರುವುದೆಂದು ಮಾತಾಗಿತ್ತು. ಎಲಿಜಬೆತ್ ಎಕ್‌ಫರ್ಡ್ ಎಂಬ ಹುಡುಗಿಯ ಮನೆಯಲ್ಲಿ ಫೋನಿರಲಿಲ್ಲ, ಸುದ್ದಿ ತಲುಪಲಿಲ್ಲ. ಹದಿನೈದರ ಹುಡುಗಿ ಪುಸ್ತಕವನ್ನೆದೆಗೆ ಅವಚಿಕೊಂಡು ಒಬ್ಬಳೇ ಬಂದಳು. ಸೈನಿಕರು ಬಿಡಲಿಲ್ಲ. ಹಿಂದಿನಿಂದ ಗುಂಪು ಕಿರುಚುತ್ತಿತ್ತು. ಅವಳು ಬಸ್ ನಿಲ್ದಾಣದ ಬೆಂಚಿನವರೆಗೆ ನಡೆದು ಅಲ್ಲಿ ಕುಳಿತಳು. ಅಂಥದೇ ಒಂದು ಬೆಂಚನ್ನು 2018ರಲ್ಲಿ ಅಲ್ಲಿ ಇಟ್ಟಿದ್ದಾರೆ. ನಾವು ಅದರ ಮೇಲೆ ಕುಳಿತುಕೊಳ್ಳಲಿಲ್ಲ, ಕುಳಿತುಕೊಳ್ಳಬೇಕೆಂದು ಅನಿಸಲೂ ಇಲ್ಲ.

ಅಧ್ಯಕ್ಷ ಐಸೆನ್‌ಹೋವರ್ ಕೊನೆಗೆ ಸೇನೆಯ 101ನೇ ಏರ್‌ಬೋರ್ನ್ ಪಡೆಯನ್ನು ಕಳುಹಿಸಿ ಸೆಪ್ಟೆಂಬರ್ 25ರಂದು ಮಕ್ಕಳನ್ನು ಒಳಗೆ ಸೇರಿಸಿದರು. ಸಾಮಾನ್ಯವಾಗಿ ಕತೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಶಾಲೆಯಲ್ಲಿ ಬದುಕು ಸವೆಸಿದ ನಮಗೆ ಆಮೇಲಿನ ದಿನಗಳದ್ದೇ ಚಿಂತೆ. ಸೈನಿಕರು ವರಾಂಡದವರೆಗೆ ಬರಬಹುದಿತ್ತು, ತರಗತಿಯೊಳಗೆ ಬರುವಂತಿರಲಿಲ್ಲ. ಈ ಮಕ್ಕಳು ಆಟ, ಸಂಗೀತ, ಸಂಘ ಯಾವುದಕ್ಕೂ ಸೇರುವಂತಿರಲಿಲ್ಲ. ಮಿನಿಜೀನ್ ಬ್ರೌನ್ ಎಂಬವಳು ಕ್ಯಾಂಟೀನಿನಲ್ಲಿ ಕಾಟ ಕೊಡುತ್ತಿದ್ದ ಹುಡುಗರ ಮೇಲೆ ತಟ್ಟೆಯಲ್ಲಿದ್ದುದನ್ನು ಚೆಲ್ಲಿದಳು. ಅಡುಗೆಮನೆಯ ಕಪ್ಪು ಕೆಲಸದವರು ಚಪ್ಪಾಳೆ ತಟ್ಟಿದರಂತೆ. ಅವಳನ್ನು ಮೊದಲು ಅಮಾನತು ಮಾಡಿ, 1958ರ ಫೆಬ್ರವರಿಯಲ್ಲಿ ಶಾಲೆಯಿಂದಲೇ ಹೊರಹಾಕಿದರು. ಅದೇ ಮೇ ತಿಂಗಳಲ್ಲಿ ಅರ್ನೆಸ್ಟ್ ಗ್ರೀನ್ ಪದವಿಪತ್ರ ಪಡೆದ. ಸಭೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದರು.

ಮುಂದಿನ ವರ್ಷ ನಡೆದದ್ದು ಇನ್ನೂ ವಿಚಿತ್ರ. ಕಪ್ಪು ಮಕ್ಕಳ ಜೊತೆ ಕೂರಿಸುವ ಬದಲು ಊರಿನ ನಾಲ್ಕೂ ಹೈಸ್ಕೂಲುಗಳನ್ನು ಗವರ್ನರ್ ಮುಚ್ಚಿಸಿದ. ಡನ್‌ಬಾರ್‌ನ ನಂತರ ಕಪ್ಪು ಮಕ್ಕಳಿಗಾಗಿ ಕಟ್ಟಿದ್ದ ಹೈಸ್ಕೂಲಿಗೂ ಬೀಗ ಬಿತ್ತು. ಮತದಾನ ಮಾಡಿಸಿದರೆ ಜನರೂ 19,470ಕ್ಕೆ 7,561ರ ಅಂತರದಲ್ಲಿ ಆತನ ಕಡೆಗೇ ನಿಂತರು. ಗುತ್ತಿಗೆಗೆ ಸಹಿ ಹಾಕಿದ್ದ ಶಿಕ್ಷಕರು ದಿನಾ ಬಂದು ಖಾಲಿ ತರಗತಿಗಳಲ್ಲಿ ಕುಳಿತು ಹೋಗಬೇಕಿತ್ತು. ಫುಟ್‌ಬಾಲ್ ಪಂದ್ಯಗಳು ಮಾತ್ರ ನಿಲ್ಲಲಿಲ್ಲ! ಹಾಜರಿ ಪುಸ್ತಕದಲ್ಲಿ ಒಂದು ಹೆಸರೂ ಇಲ್ಲದ ಒಂದು ಇಡೀ ವರ್ಷವನ್ನು ಊಹಿಸಿಕೊಳ್ಳಲು ನಮ್ಮಿಂದಾಗಲಿಲ್ಲ.

ಹೆಚ್ಚು ಜನರಿಗೆ ತಿಳಿಯದ ಒಂದು ವಿಷಯವಿದೆ. ಆ 1957ರಲ್ಲೇ ಊರಿನ ಪಶ್ಚಿಮಕ್ಕೆ, ಸಿರಿವಂತರ ಬಡಾವಣೆಗಳ ಕಡೆ, ಹಾಲ್ ಹೈಸ್ಕೂಲ್ ಎಂಬ ಹೊಸ ಶಾಲೆ ತೆರೆಯಿತು. ಅಲ್ಲಿಗೆ ಆ ವರ್ಷ ಕಪ್ಪು ಮಕ್ಕಳನ್ನು ಕಳುಹಿಸಲಿಲ್ಲ. ಕೂಡಿ ಬಾಳುವ ಪ್ರಯೋಗವೆಲ್ಲ ಕೂಲಿ ಕೆಲಸದ ಬಿಳಿಯರ ಮಕ್ಕಳು ಓದುವ ಸೆಂಟ್ರಲ್‌ನಲ್ಲೇ. ಶಾಲೆಯ ಮುಂದೆ ಕೂಗಾಡಿದವರನ್ನು ಚಿತ್ರಗಳಲ್ಲಿ ಜಗತ್ತೇ ನೋಡಿತು. ಯೋಜನೆ ಹಾಕಿದವರ ಮುಖ ಯಾರಿಗೂ ನೆನಪಿಲ್ಲ.

ನಾವು ಹೋದದ್ದು ಶಾಲೆ ಬಿಡುವ ಹೊತ್ತಿಗೆ. 1998ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರೂ ಅಲ್ಲಿ ಇನ್ನೂ ಪಾಠ ನಡೆಯುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ, ಅರ್ಧಕ್ಕಿಂತ ಹೆಚ್ಚಿನವರು ಕಪ್ಪು ಮಕ್ಕಳು. ಬಿಳಿಯರು, ಸ್ಪ್ಯಾನಿಷ್ ಮಾತಾಡುವವರು, ಏಷ್ಯಾದವರು, ತಲೆಗೆ ಸ್ಕಾರ್ಫ್ ಸುತ್ತಿದ ಒಬ್ಬ ಹುಡುಗಿ, ಹೀಗೆ ಎಲ್ಲರೂ ಬ್ಯಾಗು ಹೊತ್ತು ಗಲಾಟೆ ಮಾಡುತ್ತಾ ಮೆಟ್ಟಿಲಿಳಿದರು. ನೋಡಿ ಕಣ್ಣು ತುಂಬಿತು ಎಂದರೆ ಸುಳ್ಳಲ್ಲ.

ಆದರೆ ಗೇಟು ತೆರೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಘಟನೆಗೆ ಐವತ್ತು ತುಂಬಿದ 2007ರಲ್ಲಿ ಅದೇ ಊರಿನ ಬ್ರೆಂಟ್ ಮತ್ತು ಕ್ರೇಗ್ ರೆನೊ ಸಹೋದರರು ಈ ಶಾಲೆಯ ಕುರಿತು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಮೇಲಿನ ಹಂತದ ತರಗತಿಗಳಲ್ಲಿ ಬಹುಪಾಲು ಬಿಳಿಯ ಮಕ್ಕಳು, ಸಾಮಾನ್ಯ ತರಗತಿಗಳಲ್ಲಿ ಬಹುಪಾಲು ಕಪ್ಪು ಮಕ್ಕಳು ಕಾಣುತ್ತಾರೆ. ಒಂದೇ ಸೂರಿನಡಿ ಎರಡು ಶಾಲೆ. ‘ಎ’ ಸೆಕ್ಷನ್, ‘ಸಿ’ ಸೆಕ್ಷನ್ ಕಂಡ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮಗಳು ಮನೆ ಖರೀದಿಯ ಸುದ್ದಿ ತೆಗೆದಳು. ಅಲ್ಲಿ ಮನೆ ಹುಡುಕುವವರು ಮೊದಲು ನೋಡುವುದು ಆ ಬಡಾವಣೆಯ ಶಾಲೆಗೆ ಹತ್ತರಲ್ಲಿ ಎಷ್ಟು ಅಂಕ ಎಂದು. ಅಂಕ ಹೆಚ್ಚಿದ್ದಲ್ಲಿ ಮನೆಯ ಬೆಲೆ ಹೆಚ್ಚು. ಮನೆ ತೆರಿಗೆಯ ದುಡ್ಡೇ ಶಾಲೆಗೆ ಹೋಗುವುದರಿಂದ ಆ ಶಾಲೆಗೆ ಅನುಕೂಲವೂ ಹೆಚ್ಚು. ಫೀಸಿಲ್ಲ ಎಂದು ನಾವು ಮೆಚ್ಚಿಕೊಂಡಿದ್ದ ಶಾಲೆಯ ಫೀಸು ಮನೆ ಸಾಲದ ಕಂತಿನೊಳಗೆ ಅಡಗಿ ಕುಳಿತಿತ್ತು. “ಸೆಂಟ್ರಲ್‌ನಂಥ ಶಾಲೆಯಿರುವ ಕಡೆ ಮನೆ ತೆಗೆದುಕೊಳ್ಳುತ್ತೀಯಾ?” ಎಂದು ಕೇಳಿದೆವು. “ಅಮ್ಮಾ, ಮಗುವಿನ ಭವಿಷ್ಯ ನೋಡಬೇಕಲ್ಲ” ಎಂದಳು. ಅಳಿಯ ರೇಡಿಯೋದ ಸದ್ದು ಸ್ವಲ್ಪ ಏರಿಸಿದರು.

ಅರ್ಕಾನ್ಸಾಸ್‌ನಲ್ಲಿ 2023ರ ಮಾರ್ಚಿನಲ್ಲಿ ಬಂದ ಹೊಸ ಶಿಕ್ಷಣ ಕಾಯಿದೆಯು ಖಾಸಗಿ ಶಾಲೆಯ ಶುಲ್ಕಕ್ಕೆ ಸರಕಾರಿ ಹಣ ಕೊಡುವ ದಾರಿ ತೆರೆಯಿತು. ಅದೇ ಆಗಸ್ಟಿನಲ್ಲಿ, ಶಾಲೆ ಶುರುವಾಗುವ ಹೊತ್ತಿಗೆ, ಆಫ್ರಿಕನ್ ಅಮೆರಿಕನ್ ಅಧ್ಯಯನದ ಉನ್ನತ ಪಾಠವನ್ನು ತೇರ್ಗಡೆಯ ಲೆಕ್ಕಕ್ಕೆ ಹಿಡಿಯಲಾಗದು ಎಂದು ರಾಜ್ಯದ ಶಿಕ್ಷಣ ಇಲಾಖೆ ಹೇಳಿತು. ಆ ಪಾಠ ಇದ್ದ ಕೆಲವೇ ಶಾಲೆಗಳಲ್ಲಿ ಸೆಂಟ್ರಲ್ ಒಂದು. ಅಂಕ ಲೆಕ್ಕಕ್ಕಿರಲಿ ಬಿಡಲಿ, ಅವರು ಆ ವರ್ಷ ಪಾಠ ಮಾಡಿದರು, ಮಕ್ಕಳೂ ಕುಳಿತು ಕೇಳಿದರು. 2024ರಲ್ಲಿ ಅಲ್ಲಿಯ ಶಿಕ್ಷಕಿಯೊಬ್ಬರು ವಿದ್ಯಾರ್ಥಿಗಳೊಡನೆ ಸರಕಾರದ ವಿರುದ್ಧ ಕೋರ್ಟಿಗೆ ಹೋದರು.