ಗದ್ದೆಯಿಂದ ಕರೆಗೆ: ಕುಂದಾಪುರ ಸೀಮೆಯ ಕಂಬಳದ ಜಾಡಿನಲ್ಲಿ

ಉಡುಪಿಯಿಂದ ಉತ್ತರಕ್ಕೆ ಹೊರಟ ಬಸ್ಸು ಕಲ್ಯಾಣಪುರದ ಸೇತುವೆ ದಾಟಿ ಬ್ರಹ್ಮಾವರ ಮುಟ್ಟುವ ಹೊತ್ತಿಗೆ ಸುತ್ತಲಿನ ಮಾತು ಮೆಲ್ಲಗೆ ಬದಲಾಗತೊಡಗುತ್ತದೆ. ತುಳು ಕಡಿಮೆಯಾಗುತ್ತಾ ಹೋಗಿ, ಪದಗಳ ಬಾಲ ಕತ್ತರಿಸಿದಂತಿರುವ ಕುಂದಾಪುರ ಕನ್ನಡ ಕಿವಿಗೆ ಬೀಳುತ್ತದೆ. ತೆಂಕಣದವರ ಕಂಬುಲ ಇಲ್ಲಿ ‘ಕಂಬ್ಳ’ ಆಗುತ್ತದೆ, ಕೋಣ ‘ಕ್ವಾಣ’ ಆಗುತ್ತದೆ, ಗದ್ದೆ ‘ಗೆದ್ದೆ’ ಆಗುತ್ತದೆ. ಬದಲಾಗುವುದು ಹೆಸರು ಮಾತ್ರವಲ್ಲ, ಕಂಬಳದ ರೀತಿಯೂ ಬದಲಾಗುತ್ತದೆ.

ಕಂಬಳವೆಂದರೆ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವ ಚಿತ್ರ ಒಂದೇ. ಎರಡು ಉದ್ದನೆಯ ಕೆಸರಿನ ಓಣಿಗಳು, ಹೊನಲು ಬೆಳಕು, ಧ್ವನಿವರ್ಧಕದ ಅಬ್ಬರ, ನೀರು ಚಿಮ್ಮಿಸುತ್ತ ಬರುವ ಕೋಣಗಳು, ಹಿಂದೆ ಹಾರುವಂತೆ ಓಡುವ ಮೈಕಟ್ಟಿನ ತರುಣ. ಇದು ಸುಳ್ಳಲ್ಲ. ಆದರೆ ಇದು ಕಂಬಳದ ಇತ್ತೀಚಿನ ರೂಪ. ಅದರ ಹಳೆಯ ರೂಪವನ್ನು ಕಾಣಬೇಕಿದ್ದರೆ ವೃಶ್ಚಿಕ, ಧನು ಮಾಸಗಳಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯ ಬೈಲುಗಳಿಗೆ ಇಳಿಯಬೇಕು. ವಂಡಾರು, ಚೋರಾಡಿ, ಯಡ್ತಾಡಿ, ತಗ್ಗರ್ಸೆ ಮುಂತಾದ ಊರುಗಳ ಹೆಸರು ಹೇಳಿದರೆ ಈ ಸೀಮೆಯವರಿಗೆ ಮೊದಲು ನೆನಪಾಗುವುದೇ ಕಂಬಳ.

ಒಮ್ಮೆ ಅಂಥದೊಂದು ಕಂಬಳಕ್ಕೆ ಹೋದವನು ಕೋಣಗಳನ್ನು ಹತ್ತಿರದಿಂದ ನೋಡುವ ಆತುರದಲ್ಲಿ ಬದುವಿನ ಮೇಲೆ ನುಗ್ಗುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ತಡೆದರು. “ಹ್ವಾಯ್, ಕ್ವಾಣ ಕಾಂಬುಕೆ ಬಂದದ್ದಾ? ಮೊದ್ಲ್ ಗೆದ್ದೆ ಕಾಣಿ ಮಾರಾಯ್ರೆ!” ಅವರು ತಮಾಷೆಗೆ ಹೇಳಿದರೋ ಗದರಿಸಿದರೋ ಆಗ ತಿಳಿಯಲಿಲ್ಲ. ಕಂಬಳದ ಚರಿತ್ರೆಯನ್ನು ಅರಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲವೆಂದು ಆಮೇಲೆ ಹೊಳೆಯಿತು.

ಮೊದಲು ಗದ್ದೆ

ಕರಾವಳಿಯ ಗದ್ದೆಗಳನ್ನು ರೈತರು ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಬೆಟ್ಟು ಎತ್ತರದ್ದು, ಮಳೆ ನಿಂತರೆ ಒಣಗುತ್ತದೆ. ಮಜಲು ನಡುವಿನದು. ಬೈಲು ತಗ್ಗಿನದು, ಗುಡ್ಡಗಳ ನೀರೆಲ್ಲ ಇಳಿದು ನಿಲ್ಲುವ ಜಾಗ. ಮುಂಗಾರಿನ ಬೆಳೆ ಕಟಾವಾದ ಮೇಲೂ ಬೈಲು ಗದ್ದೆಯಲ್ಲಿ ತೇವ ಉಳಿದಿರುತ್ತದೆ. ಆದ್ದರಿಂದ ಅಲ್ಲಿ ಸುಗ್ಗಿಯೆಂಬ ಎರಡನೆಯ ಬೆಳೆ ಸಾಧ್ಯ. ಊರಿನ ಅತಿ ದೊಡ್ಡ ಬೈಲು ಗದ್ದೆ ಸಾಮಾನ್ಯವಾಗಿ ದೊಡ್ಡ ಮನೆತನಕ್ಕೆ ಸೇರಿದ್ದಾಗಿರುತ್ತಿತ್ತು. ಅದೇ ಕಂಬಳ ಗದ್ದೆ.

ಇಷ್ಟು ದೊಡ್ಡ ಗದ್ದೆಯನ್ನು ಎರಡನೆಯ ಬೆಳೆಗೆ ಹದಮಾಡುವುದು ಒಂದು ಜೋಡಿ ಕೋಣದ ಕೆಲಸವಲ್ಲ. ಊರಿನ ಕೋಣಗಳೆಲ್ಲ ಒಂದೇ ದಿನ ಇಳಿಯಬೇಕು. ಹಾಗೆ ಇಳಿದ ಕೋಣಗಳ ತುಳಿತಕ್ಕೆ ಮಣ್ಣು ನುಣ್ಣಗೆ ಕದಡಿ ಗಟ್ಟಿಯಾದ ತಳ ಕೂಡುತ್ತದೆ, ನೀರು ಇಂಗದೆ ನಿಲ್ಲುತ್ತದೆ, ಕಳೆ ಮಣ್ಣಿನಡಿ ಸೇರಿ ಕೊಳೆತು ಗೊಬ್ಬರವಾಗುತ್ತದೆ. ಮೇಲೆ ಹಲಗೆ ಎಳೆದರೆ ಗದ್ದೆ ಸಮತಟ್ಟಾಗುತ್ತದೆ. ನಾಟಿಗೆ ಬೇಕಾದ್ದು ಇಷ್ಟೇ. ಇಂದಿನ ಪಂದ್ಯಗಳಲ್ಲಿ ಕೇಳಿಬರುವ ನೇಗಿಲು, ಹಗ್ಗ, ಹಲಗೆ ಎಂಬ ವಿಭಾಗಗಳ ಹೆಸರುಗಳೆಲ್ಲ ಉಳುಮೆಯ ಸಲಕರಣೆಗಳವೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಂಬಳ ಎಂಬ ಮಾತೇ ಕೆಸರುಗದ್ದೆಯನ್ನು ಸೂಚಿಸುತ್ತದೆ ಎನ್ನುವ ವಿದ್ವಾಂಸರಿದ್ದಾರೆ.

ಎತ್ತಿನ ಬದಲು ಕೋಣವೇ ಏಕೆ? ಆಳವಾದ ಕೆಸರಿನಲ್ಲಿ ಎತ್ತು ಬೇಗ ಸೋಲುತ್ತದೆ. ಕೋಣದ ಗೊರಸು ಅಗಲ. ಅದರ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ, ಹಾಗಾಗಿ ಮೈ ತಂಪಾಗಿಸಿಕೊಳ್ಳಲು ಅದಕ್ಕೆ ನೀರು ಮತ್ತು ಕೆಸರು ಬೇಕೇ ಬೇಕು. ನಮ್ಮ ಬೈಲಿಗೆ ಹೇಳಿ ಮಾಡಿಸಿದ ಪ್ರಾಣಿ ಅದು.

ಮನೆತನದ ಕಂಬಳ

ಕುಂದಾಪುರ ಸೀಮೆಯ ಸಾಂಪ್ರದಾಯಿಕ ಕಂಬಳಕ್ಕೆ ಟಿಕೆಟ್ಟಿಲ್ಲ. ಊರಿಗೊಂದು ಗೊತ್ತಾದ ದಿನ, ಆ ದಿನಕ್ಕೆ ದೈವದೇವರ ಅಪ್ಪಣೆ. ಕೋಣಗಳಿಗೆ ಎಣ್ಣೆ ಹಚ್ಚಿ, ಮೈಮೇಲೆ ಬಣ್ಣದ ಬಟ್ಟೆ ಹೊದೆಸಿ, ವಾದ್ಯ ಸಮೇತ ಗದ್ದೆಗೆ ಕರೆತರುತ್ತಾರೆ. ಕಂಬಳದ ಮನೆಯ ಕೋಣಗಳಿಗೆ ಮೊದಲ ಗೌರವ. ಬಳಿಕ ಸುತ್ತಲಿನ ಊರುಗಳ ಜೋಡಿಗಳು ಇಳಿಯುತ್ತವೆ. ಕೋಣ ಚೆನ್ನಾಗಿ ಓಡಿದರೆ ಯಜಮಾನನ ಮುಖ ಅರಳುತ್ತದೆ. ಸೋತರೂ ಹರಕೆ ಸಂದಿತೆಂಬ ಸಮಾಧಾನ ಉಳಿಯುತ್ತದೆ.

ಗದ್ದೆಯ ಅಂಚಿನಲ್ಲಿ ಸಂತೆ. ಕಬ್ಬಿನ ಜಲ್ಲೆ, ಬತ್ತಾಸು, ಮಂಡಕ್ಕಿ, ಬಳೆ, ಮಕ್ಕಳ ಪೀಪಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರಲು ಅದೊಂದು ನೆಪ, ನೆಂಟರಿಷ್ಟರು ಒಟ್ಟು ಸೇರಲು ಅದೊಂದು ದಿನ. ಮರುದಿನಗಳಲ್ಲಿ ಅದೇ ಗದ್ದೆಯಲ್ಲಿ ನಾಟಿ ನಡೆದು ಹಸುರು ಮೂಡಿದರೆ ಕಂಬಳ ಮುಗಿದಂತೆ.

ಕರೆಯ ಕಂಬಳ

1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ ಕರಾವಳಿಯ ಒಕ್ಕಲುಗಳು ಉಳುವ ನೆಲಕ್ಕೆ ಒಡೆಯರಾದರು. ಅದು ದೊಡ್ಡ ನ್ಯಾಯ. ಅದರ ಜೊತೆಗೆ ಅನೇಕ ದೊಡ್ಡ ಮನೆಗಳಿಗೆ ಕಂಬಳ ನಡೆಸುವ ಶಕ್ತಿ ಕುಂದಿತು. ಅದಕ್ಕೆ ತುಸು ಮೊದಲೇ, 1970ರ ಆಸುಪಾಸಿನಲ್ಲಿ, ಕಾರ್ಕಳ ತಾಲೂಕಿನ ಬಜಗೋಳಿಯಲ್ಲಿ ಲವ-ಕುಶ ಹೆಸರಿನ ಜೋಡುಕರೆ ಕಂಬಳ ಶುರುವಾಗಿತ್ತು. ಅಕ್ಕಪಕ್ಕ ಎರಡು ಕರೆ, ಎರಡು ಜೋಡಿಗಳ ನೇರ ಪೈಪೋಟಿ, ಸಮಿತಿಯ ಆಡಳಿತ, ಚಿನ್ನದ ಬಹುಮಾನ. ಕಂಬಳ ಮನೆತನದ ಕೈಯಿಂದ ಸಾರ್ವಜನಿಕರ ಕೈಗೆ, ಗದ್ದೆಯಿಂದ ಕರೆಗೆ ಬಂದದ್ದು ಹೀಗೆ.

ಇಂದಿನ ಕರೆಗಳು ಸುಮಾರು 120ರಿಂದ 160 ಮೀಟರ್ ಉದ್ದ ಇರುತ್ತವೆ. ಕನೆಹಲಗೆಯ ಸ್ಪರ್ಧೆಯಲ್ಲಿ ವೇಗಕ್ಕೆ ಲೆಕ್ಕವಿಲ್ಲ. ಹಲಗೆಯ ತೂತುಗಳಿಂದ ಚಿಮ್ಮಿದ ನೀರು ಆರೂವರೆ ಅಥವಾ ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ತೋಯಿಸಬೇಕು. ಮಿಕ್ಕ ವಿಭಾಗಗಳಲ್ಲಿ ಗುರಿ ಮುಟ್ಟುವ ಕ್ಷಣವನ್ನು ಲೇಸರ್ ಕಿರಣ ಅಳೆಯುತ್ತದೆ.

ಇಂಥ ಕಥೆ ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನ ದಿನನಿತ್ಯ ಓಡಿಸುವ ಕಾರುಗಳನ್ನೇ ಪಂದ್ಯಕ್ಕಿಳಿಸುವ ಸ್ಟಾಕ್ ಕಾರ್ ರೇಸು ಹುಟ್ಟಿತು. ಫ್ಲಾರಿಡಾದ ಡೇಟೋನಾದಲ್ಲಿ ಮೊದಮೊದಲು ಈ ರೇಸು ಸಮುದ್ರ ತೀರದ ಮರಳಿನ ಮೇಲೂ ಪಕ್ಕದ ರಸ್ತೆಯ ಮೇಲೂ ನಡೆಯುತ್ತಿತ್ತು. 1948ರಲ್ಲಿ ನಾಸ್ಕಾರ್ ಎಂಬ ಸಂಸ್ಥೆ ಹುಟ್ಟಿ ನಿಯಮಗಳು ಬಂದವು. 1959ರಲ್ಲಿ ಅಲ್ಲೇ ಕಟ್ಟಿದ ದೊಡ್ಡ ಟ್ರ್ಯಾಕಿನಲ್ಲಿ ವರ್ಷಂಪ್ರತಿಯ ಡೇಟೋನಾ 500 ಆರಂಭವಾಯಿತು. ಇಂದು ಅಲ್ಲಿ ಓಡುವ ಕಾರು ಅಂಗಡಿಯಲ್ಲಿ ಸಿಗುವ ಕಾರಲ್ಲ, ಪಂದ್ಯಕ್ಕೆಂದೇ ಕಟ್ಟಿದ ಯಂತ್ರ. ಅಂತೆಯೇ ಇಂದು ಜೋಡುಕರೆಯಲ್ಲಿ ಗೆಲ್ಲುವ ಕೋಣ ಗದ್ದೆ ಉಳುವ ಕೋಣವಲ್ಲ. ಅದಕ್ಕೆ ಬೇಯಿಸಿದ ಹುರುಳಿ, ದಿನವೂ ಎಣ್ಣೆ ಮಾಲೀಸು, ಈಜಲು ಕೊಳ, ನೋಡಿಕೊಳ್ಳಲು ಆಳು. ದುಡಿಮೆಯ ಸಾಧನವೊಂದು ಆಟದ ವಸ್ತುವಾದಾಗ ಎಲ್ಲೆಡೆ ಆಗುವುದು ಇದೇ.

ಓಟಗಾರನ ಲೆಕ್ಕ

2020ರ ಫೆಬ್ರುವರಿ 1ರಂದು ದಕ್ಷಿಣ ಕನ್ನಡದ ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿದರೆ 9.55 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ ದಾಖಲೆ 9.58. ಜಗತ್ತೇ ಕಂಬಳದ ಕಡೆ ತಿರುಗಿ ನೋಡಿತು. ಸುಮಾರು ಎರಡು ವಾರಗಳ ಬಳಿಕ ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿ ಅದನ್ನೂ ಮೀರಿಸಿದರು.

ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಭಾಗಾಕಾರ ಸರಿ, ಹೋಲಿಕೆ ಸರಿಯಲ್ಲ. ಬೋಲ್ಟ್ ತನ್ನ ಕಾಲಿನ ಬಲದಿಂದ ಮಾತ್ರ ಓಡಿದ. ಕಂಬಳದ ಓಟಗಾರನನ್ನು ಮುಂದಿನ ಕೋಣಗಳು ಸೆಳೆಯುತ್ತವೆ. ಬೋಲ್ಟನ ಕಾಲಡಿ ಗಟ್ಟಿ ಟ್ರ್ಯಾಕು. ಇವನ ಬರಿಗಾಲಡಿ ನೀರು ಮತ್ತು ಕೆಸರು. ಎರಡೂ ಸಾಹಸವೇ, ಆದರೆ ಬೇರೆ ಬೇರೆ ಸಾಹಸ. ಈ ಸತ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವರು ಶ್ರೀನಿವಾಸ ಗೌಡರೇ. ಕೇಂದ್ರ ಕ್ರೀಡಾ ಸಚಿವರು ಓಟದ ಪರೀಕ್ಷೆಗೆ ಕರೆದಾಗ ಅವರು ಹೋಗಲಿಲ್ಲ, ಕಂಬಳದಲ್ಲೇ ಉಳಿದರು.

ಕೇಳಲೇಬೇಕಾದ ಪ್ರಶ್ನೆಗಳು

ಮಕ್ಕಳನ್ನು ಕಂಬಳಕ್ಕೆ ಕರೆದೊಯ್ಯುವ ಹೆತ್ತವರು ಎರಡು ಸಂಗತಿಗಳನ್ನು ಮುಚ್ಚಿಡಬಾರದು.

ಒಂದು, ಕೊರಗರ ಸಂಗತಿ. ಕಂಬಳಕ್ಕೆ ಮೊದಲು ಕೊರಗ ಸಮುದಾಯದವರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುವ ಪದ್ಧತಿ ಕರಾವಳಿಯಲ್ಲಿತ್ತು. ಕೆಸರಿನಲ್ಲಿ ಚೂಪಾದ ವಸ್ತುವಿದ್ದರೆ ಅದು ಕೋಣದ ಕಾಲಿಗಲ್ಲ, ಮನುಷ್ಯನ ಕಾಲಿಗೆ ಚುಚ್ಚಲಿ ಎಂಬ ಲೆಕ್ಕಾಚಾರ! ಕರ್ನಾಟಕದ 2000ನೇ ಇಸವಿಯ ಅಜಲು ನಿಷೇಧ ಕಾಯ್ದೆ ಈ ಪದ್ಧತಿಯನ್ನು ಸ್ಪಷ್ಟವಾಗಿ ಹೆಸರಿಸಿ ಅಪರಾಧವೆಂದು ಸಾರಿತು. ಸಂಪ್ರದಾಯ ಎಂಬ ಒಂದೇ ಕಾರಣಕ್ಕೆ ಯಾವುದೂ ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಉದಾಹರಣೆ ಬೇಡ.

ಎರಡು, ಕೋಣಗಳ ಸಂಗತಿ. ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ವಿರುದ್ಧ ಸುಪ್ರೀಂ ಕೋರ್ಟು 2014ರ ಮೇ 7ರಂದು ತೀರ್ಪು ಕೊಟ್ಟ ಮೇಲೆ ಕಂಬಳಕ್ಕೂ ಕುತ್ತು ಬಂತು. 2016ರ ನವೆಂಬರಿನಲ್ಲಿ ಹೈಕೋರ್ಟು ತಡೆ ನೀಡಿತು. ಆ ವರ್ಷ ಕರೆಗಳು ಬಣಗುಟ್ಟಿದವು. 2017ರಲ್ಲಿ ವಿಧಾನಮಂಡಲ ತಿದ್ದುಪಡಿ ಮಸೂದೆ ಅಂಗೀಕರಿಸಿತು, ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು, 2018ರ ಫೆಬ್ರುವರಿಯಲ್ಲಿ ಮಸೂದೆಗೆ ರಾಷ್ಟ್ರಪತಿಯ ಅಂಕಿತ ದೊರೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಂಬಳ ಉಳಿಯಿತು, ಅನಾವಶ್ಯಕ ಹಿಂಸೆ ಕೂಡದೆಂಬ ಷರತ್ತೂ ಉಳಿಯಿತು. ಬೆತ್ತ ಬೀಸುವ ಕೈಗಿಂತ ತಡೆಯುವ ಕೈಗೆ ಹೆಚ್ಚು ಗೌರವ ಸಿಕ್ಕಿದ ದಿನ ಆ ಷರತ್ತಿಗೆ ಅರ್ಥ ಬಂದೀತು.

ಕಾನೂನು ಉಳಿಸಲಾರದ್ದು

ಅದೇ 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆಯಿತು. ಅದಕ್ಕೆ ಒಂದು ವರ್ಷ ಮೊದಲು ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಭ್ ಶೆಟ್ಟಿಯವರ ‘ಕಾಂತಾರ’ ಚಿತ್ರ ಕಂಬಳವನ್ನೂ ಇಲ್ಲಿಯ ಭಾಷೆಯನ್ನೂ ದೇಶಕ್ಕೆಲ್ಲ ಪರಿಚಯಿಸಿತ್ತು. ಕರೆಯ ಕಂಬಳಕ್ಕೆ ಇಂದು ಜನವೂ ಇದೆ, ಹಣವೂ ಇದೆ, ಕಾನೂನಿನ ರಕ್ಷೆಯೂ ಇದೆ.

ಗದ್ದೆಯ ಕಂಬಳದ ಕಥೆ ಬೇರೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಇಕ್ಕೆಲಗಳನ್ನು ನೋಡುತ್ತ ಬನ್ನಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಕಂಡು ಮನಸ್ಸು ಹಿಗ್ಗುತ್ತದೆ. ಆದರೆ ದಾರಿಯುದ್ದಕ್ಕೂ ಹಡಿಲು ಬಿದ್ದ ಗದ್ದೆಗಳು, ಮಣ್ಣು ತುಂಬಿಸಿ ನಿವೇಶನವಾದ ಗದ್ದೆಗಳು, ತೆಂಗು ಅಡಿಕೆಗಳ ತೋಟವಾದ ಗದ್ದೆಗಳು. ಮಕ್ಕಳು ಬೆಂಗಳೂರು, ಮುಂಬೈ, ಕೊಲ್ಲಿ ದೇಶಗಳಲ್ಲಿ, ನಾಟಿಗೆ ಆಳಿಲ್ಲ, ಉಳುಮೆಗೆ ಟಿಲ್ಲರು. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಅಕ್ಕಿಯ ಬೆಲೆಯಲ್ಲಿ ಬದುಕು ಸಾಗದೆ ಹೋದವರೇ ಹೆಚ್ಚು. 2021ರಲ್ಲಿ ಉಡುಪಿ, ಬ್ರಹ್ಮಾವರದ ಕಡೆ ಹಡಿಲು ಗದ್ದೆಗಳನ್ನು ಮತ್ತೆ ನಾಟಿಗೆ ತರುವ ಆಂದೋಲನ ನಡೆದದ್ದು ಒಂದು ಆಸೆಯ ಎಳೆ.

ನ್ಯಾಯಾಲಯ ಕೋಣದ ಓಟಕ್ಕೆ ಅನುಮತಿ ಕೊಡಬಲ್ಲದು. ಓಟದ ಮರುದಿನ ನಾಟಿಯಾಗಬೇಕೆಂದು ಆದೇಶಿಸಲಾರದು. ನಾಟಿಯಿಲ್ಲದ ಗದ್ದೆಯಲ್ಲಿ ಕೋಣ ಓಡಿದರೆ ಅದು ಪಂದ್ಯವಾದೀತು, ಹಬ್ಬವಾದೀತು; ಹಿಂದಿನವರು ಯಾವುದಕ್ಕಾಗಿ ಕೋಣ ಇಳಿಸಿದರೋ ಅದಾಗಲಾರದು.

ಮುಂದಿನ ವೃಶ್ಚಿಕದಲ್ಲಿ ಮಕ್ಕಳೊಂದಿಗೆ ಕುಂದಾಪುರ ಸೀಮೆಯ ಯಾವುದಾದರೊಂದು ಕಂಬಳಕ್ಕೆ ಹೋಗಿ. ಕೋಣಗಳು ಓಡುವುದನ್ನು ಕಣ್ತುಂಬ ನೋಡಿ, ಕಬ್ಬು ತಿನ್ನಿ, ಪೀಪಿ ಕೊಡಿಸಿ. ಒಂದು ತಿಂಗಳು ಕಳೆದ ಮೇಲೆ, ಸಂತೆಯೂ ಜನವೂ ಇಲ್ಲದ ಹೊತ್ತಿನಲ್ಲಿ, ಅದೇ ಗದ್ದೆಯ ಬದುವಿಗೆ ಇನ್ನೊಮ್ಮೆ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿ ಸುಗ್ಗಿಯ ನೇಜಿ ಗಾಳಿಗೆ ಅಲುಗುತ್ತಿದ್ದರೆ ಕಂಬಳ ಬದುಕಿದೆ ಎಂದು ತಿಳಿಯಿರಿ. ಮೊದಲು ಗದ್ದೆ ನೋಡಿ ಎಂದ ಆ ಹಿರಿಯರ ಮಾತಿನ ಅರ್ಥ ಅದೇ ಇರಬೇಕು.