ಅಪ್ಪನ 800ಗೆ ಯಾವ ಪ್ಲಗ್ಗು?

ಹಳೇ ಕಾರು ಇರೋ ಮನೆಯಲ್ಲಿ ಒಂದು ಮಾತು ವರ್ಷಕ್ಕೆ ಎರಡು ಸಲವಾದರೂ ಬಂದೇ ಬರುತ್ತೆ: ‘ಇದನ್ನ ಕೊಟ್ಬಿಡೋಣ.’ ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಮಾತು ತುಸು ಜೋರಾಗಿಯೇ ಬಂತು.

ಕಡೂರಿನಲ್ಲಿರೋ ಅಪ್ಪನ ಹತ್ತಿರ 1998ರ ಮಾರುತಿ 800 ಇದೆ. ಕೆಎ-18 ನಂಬರು, 796 ಸಿಸಿ, ಮೂರು ಸಿಲಿಂಡರು, ಕಾರ್ಬ್ಯುರೇಟರ್ ಎಂಜಿನ್ನು. 1983ರ ಡಿಸೆಂಬರ್‌ನಲ್ಲಿ ಶುರುವಾದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ನಮ್ಮ ಕಡೆ ತೆಂಗಿನಕಾಯಿ ಹೇರಿಕೊಂಡು, ಮದುವೆಗೆ ಆರು ಜನ ತುಂಬಿಕೊಂಡು ಇವು ಇನ್ನೂ ಓಡ್ತಾನೇ ಇವೆ.

ಅಪ್ಪನ ಕಾರು ಮಾತ್ರ ಓಡೋಕೆ ಹಟ ಮಾಡ್ತಿತ್ತು. ನಿಂತಲ್ಲೇ ಗಡಗಡ ನಡುಗೋದು, ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ ಕಡೆ ಏರು ಸಿಕ್ಕರೆ ಎರಡನೇ ಗೇರಿನಲ್ಲೂ ಎಳೆಯದೆ ಇರೋದು, ಹಿಂದಿನಿಂದ ಹಸಿ ಪೆಟ್ರೋಲಿನ ವಾಸನೆ. ಒಂದು ಗ್ಯಾರೇಜಿನಲ್ಲಿ ‘ಎಂಜಿನ್ ಬಿಚ್ಚಬೇಕು, ಮೂವತ್ತು ಸಾವಿರ ಇಟ್ಕೊಳಿ’ ಅಂದರು. ಗುಜರಿಯವರು ಕೇಳಿದ ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ. ಲೆಕ್ಕ ಬಲ್ಲವರಿಗೆ ಮುಂದಿನದನ್ನ ಹೇಳಬೇಕಾಗಿಲ್ಲ. ತಮ್ಮ ಮಾರೋಣ ಅಂದ. ಅಪ್ಪ ಏನೂ ಅನ್ನಲಿಲ್ಲ, ಪೇಪರ್ ಮಡಚಿಟ್ಟು ಒಳಗೆ ಹೋದರು.

ಅಪ್ಪನಿಗೆ ಈಗ 72. ಅಜ್ಜಂಪುರದ ಹತ್ತಿರ ಎರಡೆಕರೆ ಈರುಳ್ಳಿ ಹೊಲ, ತರೀಕೆರೆಯಲ್ಲಿ ಅಕ್ಕನ ಮನೆ. ಅಮ್ಮನಿಗೆ ಮಂಡಿ ನೋವು, ಬಸ್ಸಿನ ಮೊದಲ ಮೆಟ್ಟಿಲೇ ಬೆಟ್ಟ. ಈ ಕಾರು ಹೋದರೆ ಅವರಿಬ್ಬರ ಓಡಾಟ ಬೇರೆಯವರ ಬಿಡುವಿಗೆ ಕಾಯಬೇಕು. ನಾನು ಬೆಂಗಳೂರಿನಲ್ಲಿ, ತಮ್ಮ ಹುಬ್ಬಳ್ಳಿಯಲ್ಲಿ. ಹಾಗಾಗಿ ಮೂವತ್ತು ಸಾವಿರದ ಮಾತಿಗೆ ಮೊದಲು ಮೂರು ಪ್ಲಗ್ ಬಿಚ್ಚಿ ನೋಡೋಣ ಅನ್ನಿಸ್ತು. ಮೂರು ಸಿಲಿಂಡರಿನ ಎಂಜಿನ್‌ನಲ್ಲಿ ಒಂದು ಕೈಕೊಟ್ಟರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯ್ತು ಅಂತಲೇ ಅರ್ಥ. ಉರಿಯದ ಪೆಟ್ರೋಲ್ ಹಾಗೇ ಹೊರಗೆ ಬರುತ್ತೆ, ವಾಸನೆ ಅದರದ್ದೇ.

‘ಬರುವಾಗ ಮೈಕೋ ಪ್ಲಗ್ ತಗೊಂಬಾ’ ಅಂದರು ಅಪ್ಪ. ಅವರ ತಲೆಮಾರಿಗೆ ಸ್ಪಾರ್ಕ್ ಪ್ಲಗ್ ಅಂದರೆ ಮೈಕೋ. ಬಿಟಿಎಂ ಹತ್ತಿರದ ಮೈಕೋ ಲೇಔಟ್‌ನಲ್ಲಿ ಬಾಡಿಗೆ ಕಟ್ಟೋ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಹೆಸರಿನ ಮೂಲ ಗೊತ್ತಿಲ್ಲ. ಮೋಟಾರ್ ಇಂಡಸ್ಟ್ರೀಸ್ ಕಂಪನಿ ಲಿಮಿಟೆಡ್, ಅದೇ ಮೈಕೋ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಕಂಪನಿ. 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಾಯಿತು. ಬಡಾವಣೆಯ ಹೆಸರು ಹಾಗೇ ಉಳೀತು, ಅಪ್ಪನ ಬಾಯಲ್ಲಿ ಪ್ಲಗ್ಗಿನ ಹೆಸರೂ ಹಾಗೇ ಉಳೀತು.

ನಾನು ಪ್ಲಗ್ ತರಲಿಲ್ಲ. ಮೊದಲು ಹಳೇದನ್ನ ನೋಡಬೇಕಿತ್ತು. ಒಂದು ಶನಿವಾರ ಅಪ್ಪನ ಜೊತೆ ಬೀರೂರಿನ ಮೇಲೆ ಅಜ್ಜಂಪುರಕ್ಕೆ ನಿಧಾನಕ್ಕೆ ಹೋದೆ. ಅಲ್ಲಿ ಅಪ್ಪನ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಬಾನೆಟ್ ಎತ್ತಿ, ಎಂಜಿನ್ ತಣ್ಣಗಾಗೋವರೆಗೂ ಟೀ ಕುಡಿದರು. ಅಲ್ಯೂಮಿನಿಯಂ ಹೆಡ್ಡು ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಮರೆ ಕಿತ್ತು ಬರೋ ಅಪಾಯ ಇರುತ್ತಂತೆ. ಆಮೇಲೆ ಮೂರನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಕ್ರಮ ತಪ್ಪದ ಹಾಗೆ ಪೇಪರಿನ ಮೇಲೆ ಸಾಲಾಗಿಟ್ಟರು.

ಪ್ಲಗ್ಗಿನ ಮೂತಿ ಓದೋದು ವೈದ್ಯರು ನಾಲಿಗೆ ನೋಡಿದ ಹಾಗೆ. ತಿಳಿ ಕಂದು, ಹೆಚ್ಚುಕಮ್ಮಿ ಬಿಸ್ಕತ್ತಿನ ಬಣ್ಣ ಇದ್ದರೆ ಆರೋಗ್ಯ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ, ಇಲ್ಲಾ ಬರೀ ಪೇಟೆಯೊಳಗಿನ ಒಂದೆರಡು ಕಿಲೋಮೀಟರಿನ ಓಡಾಟ. ಎಣ್ಣೆ ಹಚ್ಚಿದ ಹಾಗೆ ಒದ್ದೆ ಕಪ್ಪಾಗಿದ್ದರೆ ರಿಂಗ್ ಅಥವಾ ವಾಲ್ವ್ ಸೀಲಿನಿಂದ ಆಯಿಲ್ ಒಳಗೆ ಬರ್ತಿದೆ. ಸುಣ್ಣದ ಹಾಗೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿ.

ನಮ್ಮದರಲ್ಲಿ ಒಂದನೇದು ಕಂದು. ಮೂರನೇದರಲ್ಲಿ ತುಸು ಎಣ್ಣೆ. ನಡುವಿನದು ಇದ್ದಿಲು. ಅದಕ್ಕಿಂತ ದೊಡ್ಡ ವಿಷಯ ಅಂದರೆ, ನಡುವಿನದು ಉಳಿದೆರಡಕ್ಕಿಂತ ಗಿಡ್ಡಕ್ಕಿತ್ತು! ಯಾವಾಗಲೋ ಯಾವುದೋ ಸರ್ವಿಸ್‌ನಲ್ಲಿ ಒಂದು ಪ್ಲಗ್ ಮಾತ್ರ ಬದಲಾಯಿಸಿ, ಕೈಗೆ ಸಿಕ್ಕಿದ್ದನ್ನ ಹಾಕಿದ್ದಾರೆ. ಮೆಕ್ಯಾನಿಕ್ ಕನ್ನಡಕ ಏರಿಸಿ, ಬಿಳಿ ಪಿಂಗಾಣಿಯ ಮೇಲಿನ ಅಕ್ಷರ ಓದಿ, ‘ಇ ಇರಬೇಕಾದಲ್ಲಿ ಹೆಚ್ ಕೂತಿದೆ ನೋಡಿ’ ಅಂದರು.

ಈ ಅಕ್ಷರಗಳ ಕತೆ ಹಳೇ ಕಾರಿನವರೆಲ್ಲ ಒಂದು ಸಲ ತಿಳ್ಕೊಂಡರೆ ಸಾಕು, ಜನ್ಮಕ್ಕೆ ಬರುತ್ತೆ. ಎನ್‌ಜಿಕೆ ಕಂಪನಿಯ ‘ಬಿಪಿಆರ್6ಇಎಸ್’ ಅನ್ನೋ ಕೋಡನ್ನೇ ತಗೊಳ್ಳಿ. ಬಿ ಅಂದರೆ ಮರೆಯ ಅಗಲ 14 ಮಿ.ಮೀ. ಪಿ ಅಂದರೆ ಮೂತಿ ಮುಂದಕ್ಕೆ ಚಾಚಿದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. 6 ಅನ್ನೋದು ಶಾಖದ ಅಂಕಿ. ಇ ಅಂದರೆ ಮರೆಯ ಉದ್ದ 19 ಮಿ.ಮೀ. ಅದೇ ಜಾಗದಲ್ಲಿ ಹೆಚ್ ಇದ್ದರೆ ಉದ್ದ 12.7 ಮಿ.ಮೀ. ಕೊನೆಯ ಎಸ್ ಅಂದರೆ ಮಾಮೂಲಿ ಎಲೆಕ್ಟ್ರೋಡು.

ಅಗಲ ಒಂದೇ ಆದ್ದರಿಂದ ಗಿಡ್ಡ ಪ್ಲಗ್ಗೂ ಸಲೀಸಾಗಿ ಕೂರುತ್ತೆ, ಗಾಡಿಯೂ ಸ್ಟಾರ್ಟ್ ಆಗುತ್ತೆ. ಆದರೆ ಕಿಡಿ ಹಾರೋದು ಬಾವಿಯೊಳಗೆ ದೀಪ ಹಚ್ಚಿದ ಹಾಗೆ, ಸಿಲಿಂಡರಿನೊಳಕ್ಕೆ ಸರಿಯಾಗಿ ತಲುಪೋದೇ ಇಲ್ಲ. ಖಾಲಿ ಉಳಿದ ಮರೆಯಲ್ಲಿ ಮಸಿ ಗಟ್ಟಿಯಾಗುತ್ತೆ. ಉಲ್ಟಾ ಆದರೆ ಇನ್ನೂ ಕಷ್ಟ. ಗಿಡ್ಡದು ಬೇಕಾದ ಎಂಜಿನ್ನಿಗೆ ಉದ್ದದ್ದು ಹಾಕಿದರೆ ಪಿಸ್ಟನ್ ಬಂದು ಬಡಿಯಬಹುದು.

ನಡುವಿನದರಲ್ಲಿ ಆರ್ ಅಕ್ಷರವೂ ಇರಲಿಲ್ಲ. ಅಪ್ಪ ದಾರಿಯಲ್ಲಿ ಭದ್ರಾವತಿ ಆಕಾಶವಾಣಿ ಹಾಕಿದರೆ ಆಕ್ಸಿಲರೇಟರ್ ಒತ್ತಿದಷ್ಟೂ ‘ಕಿರ್ರ್’ ಅಂತ ಸದ್ದು ಏರ್ತಿತ್ತು. ರೇಡಿಯೋ ಹಳೇದು ಅಂತ ಎಲ್ಲರೂ ಅಂದ್ಕೊಂಡಿದ್ದೆವು. ಕಿಡಿಯಿಂದ ಹುಟ್ಟೋ ಈ ಗಲಾಟೆಯನ್ನ ತಡೆಯೋದೇ ರೆಸಿಸ್ಟರಿನ ಕೆಲಸ.

ಮೆಕ್ಯಾನಿಕ್ ಆ ಮರೆಯ ಮಸಿಯನ್ನ ಗ್ರೀಸ್ ಹಚ್ಚಿದ ಟ್ಯಾಪಿನಿಂದ ನಿಧಾನಕ್ಕೆ ಬಿಡಿಸಿದರು. ಪುಡಿ ಒಳಗೆ ಬೀಳದೆ ಗ್ರೀಸಿಗೆ ಅಂಟಿಕೊಂಡು ಬಂತು. ಅವರ ಹತ್ತಿರ ಸರಿಯಾದ ಪ್ಲಗ್ ಇರಲಿಲ್ಲ. ಸದ್ಯಕ್ಕೆ ಹಳೇದನ್ನೇ ಹಾಕಿ ತರೀಕೆರೆ ಕಡೆ ಹೊರಟೆವು.

ತರೀಕೆರೆಯ ಒಂದು ಅಂಗಡಿಯಲ್ಲಿ ಎನ್‌ಜಿಕೆ ಆರನೇ ನಂಬರು ಕೇಳಿದೆ. ‘ಅದು ಖಾಲಿ ಸರ್, ಬಾಷ್‌ದು ಇದೆ, ಇದೂ ಆರೇ’ ಅಂತ ಒಂದು ಡಬ್ಬಿ ಮುಂದಿಟ್ಟರು. ಕೇಳಿದರೆ ಸರಿ ಅನ್ಸುತ್ತೆ ಅಲ್ವಾ? ಪ್ಲಗ್ ಕೊಳ್ಳೋವಾಗ ಎಚ್ಚರ ಬೇಕಾಗಿರೋದು ಇಲ್ಲೇ.

ಆ ಅಂಕಿ ಹೇಳೋದು ಕಿಡಿಯ ಜೋರನ್ನಲ್ಲ, ಪ್ಲಗ್ಗಿನ ಮೂತಿ ತನ್ನ ಬಿಸಿಯನ್ನ ಎಷ್ಟು ಬೇಗ ಹೆಡ್ಡಿಗೆ ದಾಟಿಸುತ್ತೆ ಅನ್ನೋದನ್ನ. ಸೌಟಿನ ಹಿಡಿ ಉದ್ದ ಇದ್ದಷ್ಟೂ ಬಿಸಿ ಕೈಗೆ ತಲುಪೋದು ತಡ. ಹಾಗೇ ಪಿಂಗಾಣಿ ಮೂತಿ ಉದ್ದ ಇದ್ದರೆ ಬಿಸಿ ಅಲ್ಲೇ ನಿಲ್ಲುತ್ತೆ, ಅದು ‘ಹಾಟ್’ ಪ್ಲಗ್. ಗಿಡ್ಡ ಇದ್ದರೆ ಬೇಗ ತಣ್ಣಗಾಗುತ್ತೆ, ಅದು ‘ಕೋಲ್ಡ್’ ಪ್ಲಗ್. ಮೂತಿ ಸುಮಾರು 450 ಡಿಗ್ರಿ ದಾಟಿದರೆ ತನ್ನ ಮೇಲಿನ ಮಸಿಯನ್ನ ತಾನೇ ಸುಟ್ಟುಕೊಳ್ಳುತ್ತೆ. 850ರ ಆಚೆ ಹೋದರೆ ಕಿಡಿಗೆ ಕಾಯದೆ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನೇ ಹಾಳಾಗಬಹುದು. ಇವೆರಡರ ನಡುವೆ ಇರೋ ಹಾಗೆ ಎಂಜಿನ್ ಮಾಡಿದವರು ಅಂಕಿ ಆರಿಸಿರ್ತಾರೆ.

ತಮಾಷೆ ಅಂದರೆ, ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ಕೋಲ್ಡ್. ಬಾಷ್‌ನಲ್ಲಿ ಅಂಕಿ ಏರಿದಷ್ಟೂ ಹಾಟ್. ಎನ್‌ಜಿಕೆಯ 6ಕ್ಕೆ ಬಾಷ್‌ನಲ್ಲಿ ಸಮ 7, ಡೆನ್ಸೊದಲ್ಲಿ 20. ಎನ್‌ಜಿಕೆಯ 5ಕ್ಕೆ ಬಾಷ್‌ನಲ್ಲಿ 8, ಡೆನ್ಸೊದಲ್ಲಿ 16. ಹಾಗಾಗಿ ‘ಇದೂ ಆರೇ’ ಅಂತ ತಗೊಂಡರೆ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಕೋಲ್ಡ್ ಪ್ಲಗ್ ಕೈಗೆ ಬರುತ್ತೆ. ಕಡೂರು ಪೇಟೆಯೊಳಗೆ ಹಾಲು, ತರಕಾರಿ ಅಂತ ಓಡೋ ಅಪ್ಪನ ಕಾರಿನಲ್ಲಿ ಅದು ಬಿಸಿಯೇ ಆಗದೆ ಬೇಗ ಮಸಿ ಹಿಡಿಯುತ್ತೆ. ಅಂಗಡಿಯವರ ಬಳಿ ಜಗಳವೇನೂ ಆಡಲಿಲ್ಲ. ಹೋಲಿಕೆ ಪಟ್ಟಿ ಫೋನಿನಲ್ಲಿ ತೋರಿಸಿದೆ, ಅವರೂ ಕುತೂಹಲದಿಂದ ನೋಡಿದರು.

ಬೆಂಗಳೂರಿನ ಗೆಳೆಯನಿಗೆ ಅಲ್ಲಿಂದಲೇ ಫೋನ್ ಮಾಡಿದರೆ, ‘ಇರಿಡಿಯಂ ಹಾಕಿಸು ಮಾರಾಯ, ಲಕ್ಷ ಕಿಲೋಮೀಟರ್ ನೋಡೋ ಹಾಗೇ ಇಲ್ಲ’ ಅಂದ. ಅವನ ಹೊಸ ಕಾರಿಗೆ ಆ ಮಾತು ಸರಿ. ಇರಿಡಿಯಂ ಕರಗೋಕೆ 2,400 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಹಾಗಾಗಿ ಎಲೆಕ್ಟ್ರೋಡನ್ನ ಸೂಜಿಯಷ್ಟು ಸಣ್ಣ ಮಾಡಬಹುದು, ಕಡಿಮೆ ವೋಲ್ಟೇಜಿಗೇ ಕಿಡಿ ಹಾರುತ್ತೆ, ಸವೆತವೂ ಕಮ್ಮಿ. ಆದರೆ ಹಳೇ ಎಂಜಿನ್‌ನಲ್ಲಿ ಪ್ಲಗ್ ಸವೆದು ಸಾಯೋದಕ್ಕಿಂತ ಮಸಿ, ಎಣ್ಣೆ ಹತ್ತಿ ಸಾಯೋದೇ ಹೆಚ್ಚು. ಎಣ್ಣೆಗೆ ನಿಕ್ಕಲ್ ಯಾವುದು, ಇರಿಡಿಯಂ ಯಾವುದು ಅನ್ನೋ ಭೇದ ಇಲ್ಲ. ಮೂರನೇ ಸಿಲಿಂಡರಿನಲ್ಲಿ ಎಣ್ಣೆ ಇರುವಾಗ ನಾಲ್ಕೈದು ಪಟ್ಟು ದುಡ್ಡು ಕೊಟ್ಟು ಇರಿಡಿಯಂ ಹಾಕೋದು ಸೋರೋ ಮನೆಗೆ ರೇಷ್ಮೆ ಪರದೆ ಕಟ್ಟಿದ ಹಾಗೆ.

ಕೊನೆಗೆ ಕಾರಿನ ಪುಸ್ತಕದಲ್ಲಿದ್ದ ಅದೇ ಕೋಡಿನ ಮಾಮೂಲಿ ನಿಕ್ಕಲ್ ಪ್ಲಗ್ಗು ತರೀಕೆರೆಯ ಇನ್ನೊಂದು ಅಂಗಡಿಯಲ್ಲಿ ಸಿಕ್ಕಿತು. ಮೂರಕ್ಕೂ ಸೇರಿ ನಾನೂರು ರೂಪಾಯಿ ದಾಟಲಿಲ್ಲ. ನಕಲಿ ಮಾಲು ಇರೋದರಿಂದ ಡಬ್ಬಿ ತೆಗೆದು ನೋಡಿಯೇ ತಗೊಳ್ಳಿ. ಅಕ್ಷರ ಉಜ್ಜಿದರೆ ಅಳಿಸಬಾರದು, ಕತ್ತಿನ ವಾಷರ್ ಬಳೆಯ ಹಾಗೆ ಸಲೀಸಾಗಿ ಕಳಚಿ ಬರಬಾರದು, ನಡುವಿನ ಎಲೆಕ್ಟ್ರೋಡು ಸೊಟ್ಟ ಇರಬಾರದು.

ಕಡೂರಿಗೆ ಬಂದು ಅಂಗಳದಲ್ಲೇ ಹಾಕಿದೆವು. ಮೊದಲು ಗ್ಯಾಪ್. ಕಾರ್ಬ್ಯುರೇಟರ್ ಕಾಲದ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲಿನವಕ್ಕೆ 1 ಮಿ.ಮೀ. ಆಸುಪಾಸು. ನಿಮ್ಮ ಕಾರಿನ ಪುಸ್ತಕದ ಅಂಕಿಯೇ ಅಂತಿಮ. ಫೀಲರ್ ಗೇಜ್ ಇಲ್ಲದೆ ಕಣ್ಣಂದಾಜು ಬೇಡ. ಆಮೇಲೆ ಪ್ಲಗ್ಗನ್ನ ಕೈಯಲ್ಲೇ ತಿರುಗಿಸಿ ಪೂರಾ ಕೂರಿಸಬೇಕು. ಬಿಗಿ ಅನ್ನಿಸಿದರೆ ಬಿಚ್ಚಿ ಮತ್ತೆ ಶುರು ಮಾಡಬೇಕು. ವಾಷರ್ ಹೆಡ್ಡಿಗೆ ತಾಗಿದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿಂದ ಮುಕ್ಕಾಲಿನೊಳಗೆ, ಅಷ್ಟೇ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ‘ಸಾಕು, ಸಾಕು’ ಅಂತಿದ್ದರು.

ಗಾಡಿ ಸ್ಟಾರ್ಟ್ ಆಯ್ತು. ನಡುಕ ಹೋಯ್ತು. ವಾಸನೆ ಹೋಯ್ತು. ರೇಡಿಯೋದ ಕಿರ್ರ್ ಕೂಡ. ಎಂಜಿನ್ ಬಿಚ್ಚೋ ಪ್ರಶ್ನೆ ಬರಲಿಲ್ಲ.

ಹಾಗಂತ ಪ್ಲಗ್ಗು ಎಲ್ಲಾ ಕಾಯಿಲೆಗೂ ಮದ್ದಲ್ಲ. ಎರಡು ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಬಿಚ್ಚಿ ನೋಡಿದೆವು. ಒಂದು, ಎರಡು ಬಿಸ್ಕತ್ತಿನ ಬಣ್ಣ. ಮೂರನೇದು ಮತ್ತೆ ಎಣ್ಣೆ. ‘ಅದೊಂದಕ್ಕೆ ಹಾಟ್ ಪ್ಲಗ್ ಹಾಕಿ, ಎಣ್ಣೆ ಸುಟ್ಟು ಹೋಗುತ್ತೆ’ ಅಂತ ಒಬ್ಬರು ಸಲಹೆ ಕೊಟ್ಟರು. ಊರೊಳಗೆ ಆ ಉಪಾಯ ನಡೀಬಹುದು. ಆದರೆ ನಾಲ್ಕು ಜನ ಕೂತು 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವಾಗ ಅದೇ ಪ್ಲಗ್ಗಿನ ಮೂತಿ ಮಿತಿ ಮೀರಿ ಕಾಯುತ್ತೆ. ಜ್ವರ ಬಂದಾಗ ಥರ್ಮಾಮೀಟರ್ ಬದಲಾಯಿಸೋ ಕೆಲಸ ಅದು. ಅಜ್ಜಂಪುರದ ಹಿರಿಯರು ವಾಲ್ವ್ ಸೀಲ್ ಬದಲಿಸಿದರು. ಹೇಳಿದ್ದ ಮೂವತ್ತು ಸಾವಿರದ ಹತ್ತರಲ್ಲೊಂದು ಪಾಲೂ ಆಗಲಿಲ್ಲ.

ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಎಥನಾಲ್‌ನಲ್ಲೇ ಆಮ್ಲಜನಕ ಇರೋದರಿಂದ ಕಾರ್ಬ್ಯುರೇಟರ್ ಕಾರಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತೆ. ಅದರ ರಬ್ಬರ್ ಪೈಪುಗಳ ಮೇಲೂ ಒಂದು ಕಣ್ಣಿಡಬೇಕು. ಪ್ಲಗ್ಗಿನ ಬಣ್ಣ ನೋಡೋ ಅಭ್ಯಾಸ ಇದ್ದವರಿಗೆ ಈ ಬದಲಾವಣೆ ಮೊದಲೇ ತಿಳಿಯುತ್ತೆ.

ಊರಲ್ಲಿ ಅಪ್ಪನ ಹಳೇ ಕಾರು ಇರೋ ನನ್ನಂಥವರಿಗೆ ಹೇಳೋದು ಇಷ್ಟೇ. ಮುಂದಿನ ಸಲ ಹೋದಾಗ ಮೂರೋ ನಾಲ್ಕೋ ಪ್ಲಗ್ ಬಿಚ್ಚಿಸಿ, ಸಾಲಾಗಿಟ್ಟು ಒಂದು ಫೋಟೋ ತೆಗೀರಿ. ಎಲ್ಲದರ ಕೋಡೂ ಒಂದೇನಾ, ಪುಸ್ತಕದ್ದೇನಾ ನೋಡಿ. ಒಂದು ಹಾಳಾಗಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಅಪ್ಪನ ಕಾರು ಎಷ್ಟು ವರ್ಷ ಓಡುತ್ತೋ, ಅಪ್ಪ ಎಷ್ಟು ವರ್ಷ ಓಡಿಸ್ತಾರೋ ಗೊತ್ತಿಲ್ಲ. ಕಣ್ಣು ಮಂದವಾದ ದಿನ ಮಾರೋ ಮಾತು ಮತ್ತೆ ಬರುತ್ತೆ, ಆವತ್ತು ನಾನೂ ಬೇಡ ಅನ್ನಲ್ಲ. ಸದ್ಯಕ್ಕೆ ಅಪ್ಪ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಪ್ಲಗ್ಗಿನ ಕೋಡು, ಗ್ಯಾಪು, ಬದಲಿಸಿದ ತಾರೀಖು ಎಲ್ಲಾ ಅದರಲ್ಲಿದೆ. ಮೇಲೆ ಅವರದೇ ದುಂಡು ಅಕ್ಷರದಲ್ಲಿ ‘ಮೈಕೋ’ ಅಂತ ಬರೆದು, ಹೊಡೆದು ಹಾಕಿದ್ದಾರೆ.